ನಮ್ಮತ್ತಿ ಒಂದು ಕಣ್ಣಿಗೆ ಕೆಲಸ ಹಚ್ಚಿದ್ದು

ಮೊದಲ ನನ್ನ ತಪ್ಪು ಒಪ್ಪಿಕೊಂಡು ಬಿಡ್ತೀನ್ರಿ. ನಾಳೆ ನೀವು ಬ್ಯಾರೆ ಯಾರದರ ಬಾಯಿಂದ ಕೇಳಿ ಬೈಯೋದಕ್ಕಿಂತ, ನನ್ನ ಬಾಯಿಂದನ ಕೇಳಿ ಬೈಯೋದು ಚಲೋ. ಹೋದ ಬ್ಯಾಸಗಿ ಸೂಟ್ಯಾಗ ನಾನು ಒಂದು ಚೀಲ ಹಳೇ ಸೋನಾ ಅಕ್ಕಿಗೆ, ಹಸನ ಮಾಡಿ ಬಾಯಿ ಹೊಲದಿಟ್ಟ ಅಕ್ಕಿಗೆ, ಸ್ವಂತ ಕೈಲೆ ಎರಡು ಹಿಡಿ ಹಳ್ಳು ಕಲಸಿದೆ. ಹಳ್ಳು ಅಂದ್ರ ಸಣ್ಣ ಕಲ್ಲು! ಅದೂ ಎಲ್ಲಿ? ಕಂಪ್ಲ್ಯಾಗ, ನಮ್ಮತ್ತಿ ಅಕ್ಕಿ ಮಿಲ್ಲಿನಾಗ! ಮೂರು ತಲಿಮಾರಿನಿಂದ ಅಕ್ಕ್ಯಾಗಿನ ಹಳ್ಳು ತಗದು ತಗದು ಹೆಸರು ಮಾಡಿದ ಮನಿತನ ಅದು. ಮೂರು ತಲಿ ತಗದಿದ್ದನ್ನ ಒಬ್ಬ ಅಳಿಯ ಬಂದು ಒಂದು ಸಂಜ್ಯಾಗ ವಾಪಸ್ ಹಾಕಿದ.

ಯಾಕ ಹಾಕಿದೆ? ಹೇಳ್ತೀನಿ, ಅವಸರ ಮಾಡಬ್ಯಾಡ್ರಿ. ಮೊದಲು ನಮ್ಮತ್ತಿ ಯಾರು ಅಂತ ಗೊತ್ತಾಗ್ಬೇಕು.

ನಮ್ಮತ್ತಿ ಅಂದ್ರ ನಮ್ಮಪ್ಪನ ಅಕ್ಕ. ಈ ಜಗತ್ತಿನಾಗ ಯಾರೂ ಸುಮ್ನ ಕುಂದ್ರಬಾರದು ಅಂತ ದೇವರ ಕಡಿಂದ ಗುತ್ತಿಗಿ ಹಿಡಕೊಂಡು ಹುಟ್ಟಿ ಬಂದಾಕಿ. ನಮ್ಮ ಮಾವ ತೀರಿಕೊಂಡ ಮ್ಯಾಲೆ ಮಿಲ್ಲು ಪೂರಾ ಅಕಿನ ನೋಡ್ಕೋತಾಳ. ಹಣಿ ತುಂಬ ವಿಭೂತಿ, ಸೊಂಟಕ್ಕ ಸಿಕ್ಕಿಸಿದ ಸೆರಗು, ಬಾಯಾಗ ಒಂದ ಮಾತು: "ಸುಮ್ನ ಯಾಕ ಕುಂತಿ?" ಅಕಿ ಮನಿಗೆ ಯಾರ ಬಂದ್ರೂ ಮೊದಲು ನೀರು ಕೊಡ್ತಾಳ, ಆಮ್ಯಾಲೆ ಕೆಲಸ ಕೊಡ್ತಾಳ. ಒಮ್ಮೆ ಯಾವುದೋ ಆಫೀಸಿನ ಸಾಹೇಬ್ರು ಮಿಲ್ಲು ತಪಾಸಣೆಗೆ ಬಂದಿದ್ರು. ಹೋಗೋವಾಗ ನೋಡಿದ್ರ ಪಾಪ, ಒಂದು ಮೊರ ಶೇಂಗಾ ಸುಲದಿದ್ರು! ನಮ್ಮ ಅಕ್ಕನ್ನ ನೋಡಾಕ ಗಂಡಿನ ಕಡ್ಯಾರು ಬಂದಾಗ ಇಡೀ ಬೀಗರಿಗೆ ಹುಣಸಿಹಣ್ಣು ಕೊಟ್ಟು ಬೀಜ ತಗಸಿದ್ಲು. "ಹುಡುಗ ಬೀಜ ಒಂದೂ ಬಿಡಂಗಿಲ್ಲ, ನಾರು ಒಂದೂ ಹರಿಯಂಗಿಲ್ಲ. ಕೊಡ್ರಿ ಹೆಣ್ಣು" ಅಂದ್ಲು. ಹಂಗ ನಮ್ಮ ಭಾವ ಪಾಸಾಗಿದ್ದು.

ಮನುಷ್ಯಾರ ಮಾತು ಬಿಡ್ರಿ, ಸಾಮಾನುಗಳಿಗೂ ಬಿಡುವಿಲ್ಲ. ಪಡಸಾಲ್ಯಾಗ ಫ್ಯಾನ್ ತಿರಗ್ತಿದ್ರ ಅದರ ಕೆಳಗ ಸಂಡಿಗಿ ಒಣಾ ಹಾಕ್ತಾಳ. "ಹೆಂಗೂ ತಿರಗ್ತೈತಿ, ಏನರ ಒಣಗಸ್ಲಿ!" ನಾನು ಕುಂತು ಕಾಲು ಅಲ್ಲಾಡಸ್ತಿದ್ರ ತೊಟ್ಟಿಲದ ಹಗ್ಗ ತಂದು ಕಾಲಿಗೆ ಕಟ್ಯಾಳ. ಖರೇನ್ರಿ, ಬಾಜೂ ಮನಿ ಕೂಸು ಮಲಗಿತು ಅವತ್ತು.

ಇನ್ನ ಅಕ್ಕಿ ನೋಡೋದರಾಗ ಅಂತೂ ಕಂಪ್ಲಿ ಸುತ್ತ ಅಕಿನ ಮೀರಿಸಾವ್ರು ಇಲ್ಲ. ಎಲ್ಲಾರೂ ಅಕ್ಕಿ ಕಣ್ಣಿಂದ ನೋಡಿದ್ರ ಈಕಿ ಮೂಗಿಲೆ ನೋಡ್ತಾಳ, ಹಲ್ಲಿಲೆ ನೋಡ್ತಾಳ. ಒಂದು ಕಾಳು ಬಾಯಾಗ ಹಾಕ್ಕೊಂಡು 'ಕಟ್' ಅಂತ ಕಡದು, ಆ ಸಪ್ಪಳ ಕೇಳಿ, "ಇದು ಇನ್ನ ಎರಡು ದಿನ ಬಿಸಲು ಉಣಬೇಕು" ಅಂತಾಳ. ಅಕ್ಕಿಗೂ ಬಿಸಲು ಉಣಸ್ತಾಳ!

ಇನ್ನ ನನ್ನ ಬಗ್ಗೆ. ನಾನು ಹೊಸಪೇಟಿ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟೀನಿ. ರಿಪೇರಿ ಅಂದ್ರ ದೊಡ್ಡ ಮಾತಾತು. ಒಡದ ಸ್ಕ್ರೀನ್ ತಗದು ಹೊಸಾ ಸ್ಕ್ರೀನ್ ಹಾಕ್ತೀನಿ, ಮ್ಯಾಲೆ ಗ್ಲಾಸ್ ಅಂಟಸ್ತೀನಿ. ಅಂದ್ರ ನನ್ನ ಹೊಟ್ಟಿ ತುಂಬೋದ ಸ್ಕ್ರೀನಿಂದ. ಇಂಥವನ ಹೆಗಲಿಗೆ ದೇವರು ಏನು ಹೊರಿಸಿದ ನೋಡ್ರಿ.

ನಮ್ಮಕ್ಕ ಇರೋದು ದೋಣಿಮಲೈದಾಗ, ಮೈನ್ಸ್ ಕ್ವಾರ್ಟರ್ಸಿನಾಗ. ಅಕಿಗೊಬ್ಬಾಕಿ ಮಗಳು, ಚಿನ್ನಿ ಅಂತ ಕರೀತೀವಿ. ಏಳು ವರ್ಷ. ಸಾಲ್ಯಾಗ ಟೀಚರು, "ಹುಡುಗಿ ತಲಿ ವಾರಿ ಮಾಡಿ, ಒಂದ ಕಡಿ ವಾಲಿಸಿ ಓದ್ತಾಳ, ಕಣ್ಣು ತೋರಿಸ್ರಿ" ಅಂದ್ರಂತ. ಹೊಸಪೇಟಿಗೆ ಕರಕೊಂಡು ಬಂದ್ಲು, ನಾನೂ ಸಂಗಾಟ ಹೋದೆ. ಡಾಕ್ಟರಮ್ಮ ಬಲಗಣ್ಣು ಮುಚ್ಚಿಸಿ, "ಓದವ್ವಾ" ಅಂದ್ರು. ಗ್ವಾಡಿ ಮ್ಯಾಲೆ ಅಕ್ಷರ ಸಾಲು ಸಾಲು ಇದ್ದವು. ಚಿನ್ನಿ ಎಲ್ಲಕ್ಕಿಂತ ಮ್ಯಾಲಿನ ದೊಡ್ಡ ಅಕ್ಷರ ಒಂದು ಓದಿ ಸುಮ್ನಾದ್ಲು.

"ಮುಂದಿಂದು?"

"ಮುಂದ ಏನೂ ಇಲ್ಲಲ್ರಿ?" ಅಂದ್ಲು ಕೂಸು.

ಅಕ್ಕ ನನ್ನ ಕೈ ಗಟ್ಟಿ ಹಿಡಕೊಂಡ್ಲು. ಡಾಕ್ಟರಮ್ಮ ಹೇಳಿದ್ರು: "ಗಾಬರಿ ಆಗಬ್ಯಾಡ್ರಿ. ಎಡಗಣ್ಣು ಸೋಮಾರಿ ಆಗೇತಿ. ಎಲ್ಲಾ ಕೆಲಸ ಬಲಗಣ್ಣು ಮಾಡ್ತೈತಿ, ಇದು ಸುಮ್ನ ಕುಂತು ಉಣ್ತೈತಿ."

ಅಕ್ಕ ತಟಕ್ನ ನನ್ನ ಕಡಿ ನೋಡಿದ್ಲು.

"ಅವರು ಕಣ್ಣಿನ ಬಗ್ಗೆ ಹೇಳಾಕತ್ತಾರ, ನನ್ನ ಬಗ್ಗೆ ಅಲ್ಲ" ಅಂದೆ.

ಔಷಧ ಏನಪಾ ಅಂದ್ರ, ದಿನಾ ಆರು ತಾಸು ಚಲೋ ಕಣ್ಣಿಗೆ ಪಟ್ಟಿ ಹಚ್ಚಬೇಕು, ಸೋಮಾರಿ ಕಣ್ಣಿಗೆ ಕೆಲಸ ಕೊಡಬೇಕು. ಹತ್ತಿರದ್ದು, ಸಣ್ಣದು, ಕಣ್ಣಿಟ್ಟು ಮಾಡೋ ಅಂಥಾ ಕೆಲಸ. ಮೊಬೈಲು, ಟಿವಿ ಬ್ಯಾಡ. "ಮೊಬೈಲಿಂದ ಬಂದಿದ್ದಲ್ಲ ಇದು" ಅಂತ ಡಾಕ್ಟರಮ್ಮ ಸಾಫ್ ಹೇಳಿದ್ರೂ ಅಕ್ಕ ಮಾತ್ರ ನನ್ನನ್ನ ದುರುಗುಟ್ಟಿ ನೋಡ್ತಾನ ಇದ್ಲು. ಯಾಕಂದ್ರ ಕೂಸು ಎರಡು ವರ್ಷದ್ದಿದ್ದಾಗ, ಅಳಾಕತ್ತಿತ್ತು ಅಂತ, ಅದರ ಕೈಯಾಗ ಮೊದಲು ಮೊಬೈಲ್ ಇಟ್ಟಾವ ನಾನ. ಗ್ಲಾಸ್ ಹಾಕಿನ ಕೊಟ್ಟಿದ್ದೆ ಅನ್ನೋದು ಬ್ಯಾರೆ ಮಾತು.

ಹೊರಗ ಬರೋವಾಗ ಡಾಕ್ಟರಮ್ಮ ಸಣ್ಣ ದನಿ ಮಾಡಿ ಇನ್ನೊಂದು ಮಾತು ಹೇಳಿದ್ರು. "ಈಗ ಎಬ್ಬಿಸಿದ್ರ ಏಳ್ತೈತಿ. ದೊಡ್ಡಾಕಿ ಆದಂಗ ಕಷ್ಟ. ಆ ಕಣ್ಣು ಹಂಗ ಮಲಗಿಬಿಡ್ತೈತಿ, ಆಮ್ಯಾಲೆ ಯಾವ ಚಾಳೀಸು ಹಾಕಿದ್ರೂ ಏಳಂಗಿಲ್ಲ. ಆರು ವಾರ ಬಿಟ್ಟು ಬರ್ರಿ, ನೋಡೂಣು."

ಮೆಟ್ಟಲ ಇಳಿಯೋತನಕ ಅಕ್ಕ ಕೂಸಿನ ಎಡಗಣ್ಣನ್ನ ನೋಡ್ತಿದ್ಲು. ನನಗ ತಡೀಲಿಲ್ಲ. ಎದಿ ತಟ್ಟಿಕೊಂಡು, "ನೀ ನೌಕರಿಗೆ ಹೋಗು, ಭಾವನೂ ಶಿಫ್ಟಿಗೆ ಹೋಗ್ಲಿ. ಆರು ವಾರ ಕೂಸಿನ್ನ ನನಗ ಬಿಡು. ಸ್ಕ್ರೀನ್ ಅನ್ನೋದರ ನೆರಳು ಬೀಳಂಗ ನೋಡ್ಕೋತೀನಿ" ಅಂದೆ. ಬೀಳದಂಗ ಅನ್ನಬೇಕಿತ್ತು. ಅವಸರದಾಗ ಬಾಯಿ ತಪ್ಪಿತು. ಆದ್ರ ಆಗಿದ್ದು ಮಾತ್ರ ಹಂಗ.

ಮೊದಲನೇ ದಿನ ಬೆಳಿಗ್ಗೆ ಚಿನ್ನಿಗೆ ಪಟ್ಟಿ ಹಚ್ಚಿ, ಮಣ್ಣಿನ ಆನಿ ಮಾಡಿದ್ವಿ. ನನ್ನ ಆನಿಗೆ ಸೊಂಡಿಲು ನಿಲ್ಲಲಿಲ್ಲ. ಸೊಂಡಿಲು ಇಲ್ಲದ ಆನಿ ಎಮ್ಮಿ ಆತು, ಎಮ್ಮಿ ಕಾಲು ಮುರದು ಹಲ್ಲಿ ಆತು. "ಇದೇನು ಮಾಮಾ?" ಅಂದ್ಲು. "ಇದು ಮಣ್ಣು" ಅಂದೆ. ಹತ್ತು ನಿಮಿಷ ಹೋತು. ಇನ್ನ ಐದು ತಾಸು ಐವತ್ತು ನಿಮಿಷ! ಕಣ್ಣಾಮುಚ್ಚಾಲೆ ಆಡೂಣು ಅಂತ ನಾನು ಅಟ್ಟದ ಮ್ಯಾಲೆ ಹತ್ತಿ ಅಡಗಿ ಕುಂತೆ. ಅಲ್ಲಿ ತಣ್ಣಗಿತ್ತು. ನಿದ್ದಿ ಬಂತು. ಎಚ್ಚರಾದಾಗ ನನ್ನ ಬಲಗೈ ಅಟ್ಟದಿಂದ ಕೆಳಗ ಜೋತು ಬಿದ್ದಿತ್ತು. ಚಿನ್ನಿ ಸ್ಟೂಲ್ ಮ್ಯಾಲೆ ನಿಂತು ನನ್ನ ಹೆಬ್ಬಟ್ಟು ಹಿಡದು ನನ್ನ ಮೊಬೈಲಿಗೆ ಒತ್ತಾಕತ್ತಿದ್ಲು! ಒಂದ ಕಣ್ಣಿನ ಕೂಸು, ಲಾಕ್ ತಗದ ಬಿಟ್ಟಿತ್ತು. ಅಂಥಾ ಕೈಚಳಕ ನಮ್ಮ ಅಂಗಡ್ಯಾಗ ಕೆಲಸಕ್ಕಿದ್ದ ಯಾವ ಹುಡುಗಗೂ ಬಂದಿಲ್ಲ.

ಎರಡನೇ ದಿನ ಇನ್ನ ಮಜಾ. 'ಮಕ್ಕಳನ್ನ ಮೊಬೈಲ್ ಇಲ್ಲದ ಆಡಿಸೋದು ಹೆಂಗ' ಅಂತ ನಾನು ಮೊಬೈಲಿನಾಗ ಒಂದು ವೀಡಿಯೋ ಹಾಕಿ ನೋಡಾಕತ್ತೆ. ಅರ್ಧ ತಾಸಾದ ಮ್ಯಾಲೆ ಹಿಂದಿಂದ, "ಮಾಮಾ, ಸ್ವಲ್ಪ ವಾರಿ ಹಿಡಿ, ಕಾಣವಲ್ದು" ಅಂತ ದನಿ ಬಂತು. ನನ್ನ ಹೆಗಲ ಮ್ಯಾಲೆ ಗದ್ದ ಇಟ್ಟು ಪೂರಾ ನೋಡಿತ್ತು ಕೂಸು. ಮೂರನೇ ದಿನ ಊಟ ಬಿಡ್ತು. ಪಟ್ಟಿ ಕಿತ್ತು ಒಗದು, ಓಣಿ ಹುಡುಗ್ರು ತನ್ನ 'ಒಕ್ಕಣ್ಣಿ' ಅಂದ್ರು ಅಂತ ಮಂಚದ ಕೆಳಗ ಹೋಗಿ ಕುಂತ್ಲು. ನಾನೂ ಮಂಚದ ಕೆಳಗ ಹೋಗಿ ಕುಂತೆ. ಇಬ್ಬರೂ ಅತ್ವಿ. ಅಕಿ ಮೊಬೈಲಿಗೆ ಅತ್ಲು, ನಾನು ಆರು ವಾರಕ್ಕ ಅತ್ತೆ.

ಅವತ್ತ ಸಂಜಿ ಅತ್ತಿ ಫೋನು. ಅಕಿದು ಬಟನ್ ಫೋನು. ಅದನ್ನೂ ಖಾಲಿ ಬಿಡಂಗಿಲ್ಲ, ಹಾಳಿ ಹಾರದಂಗ ಮ್ಯಾಲೆ ಇಡ್ತಾಳ.

"ಏನಲೇ ಮಂಗ್ಯಾ, ಕೂಸಿನ ಕಣ್ಣು ಸೋಮಾರಿ ಆಗೇತಂತ?"

"ಹೂಂ ಅತ್ತಿ."

"ನಿನ್ನ ಹತ್ತಿರ ಯಾಕ ಬಿಟ್ಟಾರ? ಇನ್ನೊಂದು ಕಣ್ಣೂ ಕಲೀಲಿ ಅಂತೇನು? ನಾಳೆ ಮೊದಲ ಬಸ್ಸಿಗೆ ಕರಕೊಂಡು ಬಾ. ಸೋಮಾರಿ ಕಣ್ಣಂತ ಸೋಮಾರಿ ಕಣ್ಣು! ನಮ್ಮ ಮನಿಗೆ ಬಂದು ಯಾವ ಸೋಮಾರಿ ಉಳದೈತಿ ನಾನೂ ನೋಡ್ತೀನಿ."

ಹೋದ್ವಿ. ಅತ್ತಿ ಮೊದಲು ಮಾಡಿದ ಕೆಲಸ ಅಂದ್ರ, ನನ್ನ ಮೊಬೈಲ್ ಇಸಕೊಂಡು ಅಕ್ಕಿ ಡಬ್ಬ್ಯಾಗ ಹುಗದ್ಲು. ನಾನು "ಅಯ್ಯಯ್ಯೋ!" ಅಂದ್ರ, "ನೀರು ಬಿದ್ದ ಮೊಬೈಲ್ ಅಕ್ಕ್ಯಾಗ ಇಡ್ರಿ ಅಂತ ಊರಿಗೆಲ್ಲಾ ಹೇಳ್ತಿ, ನಿಂದು ಇಟ್ರ ಏನಾತು?" ಅಂದ್ಲು. ಮಧ್ಯಾಹ್ನ ಡಬ್ಬಿ ಒಳಗಿಂದ ರಿಂಗ್ ಆಗಿ, ಹಮಾಲಿ ಯಂಕಣ್ಣ ಕೈ ಮುಗದು ಎರಡು ಹೆಜ್ಜಿ ಹಿಂದ ಸರದ.

ಇನ್ನ ಅತ್ತಿ ಕೂಸಿಗೆ ಏನೇನು ಆಟ ಆಡಸ್ತಾಳೋ ಅಂತ ನಾನು ಕಾಯ್ದೆ. ಏನೂ ಇಲ್ಲ! ಪಟ್ಟಿ ಹಚ್ಚಿದ್ಲು, ತನ್ನ ಪಾಡಿಗೆ ತಾನು ಅಕ್ಕಿ ಕೇರೋ ಮೊರ ಹಿಡಕೊಂಡು ಕುಂತ್ಲು. ಚಿನ್ನಿ ಬಂದು, "ಅಜ್ಜಿ, ನನಗ ಬ್ಯಾಸರಾಗೈತಿ" ಅಂದ್ಲು.

"ಆಗ್ಲಿ."

"ಭಾಳ ಬ್ಯಾಸರಾಗೈತಿ!"

"ಭಾಳ ಆಗ್ಲಿ. ಇನ್ನ ಸಣ್ಣಾಕಿ ಅದಿ, ಎಷ್ಟರ ಹಿಡಸ್ತೈತಿ? ತುಂಬಿದ ಮ್ಯಾಲೆ ಬಾ."

ಎಲ್ಲಾರಿಗೂ ಬೆನ್ನು ಹತ್ತಿ ಕೆಲಸ ಕೊಡಾಕಿ, ಈ ಕೂಸಿಗೆ ಮಾತ್ರ ಕೊಡವಲ್ಲಳು! ಚಿನ್ನಿ ಎರಡು ದಿನ ಚೀಲದ ಮ್ಯಾಲೆ ಮಕಾಡೆ ಬಿದ್ದು ಅತ್ಲು. ಗ್ವಾಡಿ ಪರಚಿದ್ಲು. ಇರಿವಿ ಸಾಲು ನೋಡಿದ್ಲು. ನಾನು ನೋಡಲಾರದ, "ಚೌಕಾಬಾರ ಆಡೂಣು ಬಾ" ಅಂದ್ರ ಅತ್ತಿ ನನ್ನ ಕೈಗೆ ಕಸಬರಿಗಿ ಕೊಟ್ಲು. "ಅಕಿ ಬ್ಯಾಸರಾ ಕೆಡಸಬ್ಯಾಡ. ಅದು ಈಗ ಎಸರಿಗೆ ಬರಾಕತ್ತೇತಿ."

ಮೂರನೇ ದಿನ ಬಂತು ನೋಡ್ರಿ. ಅತ್ತಿ ಅಂಗಳದಾಗ ತಟ್ಟಿ ತುಂಬ ಅಕ್ಕಿ ಹರವಿಕೊಂಡು ಕುಂತಿದ್ಲು. ಚಿನ್ನಿ ತಾನಾಗೇ ಬಂದು ಹತ್ತಿರ ಕುಂತು, ಸುಮ್ನ ನೋಡಿ, "ಅಜ್ಜಿ, ಅಲ್ಲೊಂದು ಹಳ್ಳು ಐತಿ" ಅಂದ್ಲು.

"ಎಲ್ಲಿ?"

"ಅಲ್ಲಿ!"

"ಎಲ್ಲಿ ಅಂದ್ರ ಎಲ್ಲಿ? ನನಗ ಕಾಣವಲ್ದು. ನೀನ ತಗಿ."

ಕೂಸು ಬೊಗ್ಗಿ, ಎಡಗಣ್ಣು ತಟ್ಟಿಗೆ ಹಚ್ಚಿ, ಮೂಗು ಅಕ್ಕಿಗೆ ತಾಗಿಸಿ, ಒಂದು ಹಳ್ಳು ತಗೀತು. ಅತ್ತಿ ಅದನ್ನ ಅಂಗೈಯಾಗ ಇಟ್ಕೊಂಡು, "ಇಷ್ಟು ಸಣ್ಣದು ಹೆಂಗ ಕಂಡಿತಬೇ ನಿನಗ?" ಅಂದ್ಲು. ಆ ಹುಡುಗಿ ಮಾರಿ ನೋಡಬೇಕಿತ್ತು ನೀವು! ಹುಟ್ಟಿದಾಗಿಂದ ಮೊದಲ ಸಲ ಯಾರೋ ಆ ಎಡಗಣ್ಣಿಗೆ ಶಾಬಾಸ್ ಅಂದಿದ್ರು. ನಾನು ಬಾಗಲದ ಹಿಂದ ನಿಂತು, ಎಂಥಾ ನಾಟಕದಾಕಿ ನಮ್ಮತ್ತಿ, ಅಂತ ನಕ್ಕೆ.

ಅವತ್ತಿಂದ ಅತ್ತಿಗೆ ಒಂದೊಂದ ಕಾಣದಂಗಾತು. ಸೂಜಿಗೆ ದಾರ ಪೋಣಸಾಕ ಆಗವಲ್ದು, ಚಿನ್ನಿ ಪೋಣಸಿದ್ಲು. ಚೀಲದ ಮ್ಯಾಲಿನ ಹೆಸರು ಓದಾಕ ಬರವಲ್ದು, ಚಿನ್ನಿ ಓದಿದ್ಲು. ಕನಕಾಂಬರ ಕಟ್ಟಾಕ ತೊಟ್ಟು ಸಿಗವಲ್ದು, ಚಿನ್ನಿ ತೊಟ್ಟು ಜೋಡಿಸಿ ಕೊಟ್ಲು. ಬೆಳಿಗ್ಗೆ ಎದ್ದ ಕೂಡ್ಲೆ ಕೂಸು ತಾನ ಪಟ್ಟಿ ಹಚ್ಚಿಕೊಂಡು, "ಅಜ್ಜಿ, ಇವತ್ತು ಏನು ಕಾಣವಲ್ದು?" ಅಂತ ಕೇಳಾಕ ಹತ್ತಿತು!

ಆ ಪಟ್ಟಿನೂ ಅತ್ತಿ ಹಂಗ ಬಿಡಲಿಲ್ಲ. ಸಂಡೂರು ಕಡಿ ಲಂಬಾಣಿ ಹೆಣ್ಮಕ್ಕಳು ಹೊಲಿಯೋ ಕನ್ನಡಿ ಕಸೂತಿ ಇರ್ತೈತಲ್ರಿ, ಅದರ ಒಂದು ತುಂಡು ಟ್ರಂಕಿನಾಗ ಇತ್ತು. ಅದನ್ನ ಕತ್ತರಿಸಿ, ಪಟ್ಟಿ ಮ್ಯಾಲೆ ಬರೋಹಂಗ ಒಂದು ಮುಸುಕು ಮಾಡಿ ಕೊಟ್ಲು. ಹೊಲಿಗಿ ವಾರಿ ಬಂದಿತ್ತು, ಆದ್ರ ಕೆಂಪು, ಹಳದಿ, ನಡುವ ಮಿಣಮಿಣ ಕನ್ನಡಿ. ಒಕ್ಕಣ್ಣಿ ಅನ್ನೋದು ಹೊಸಪೇಟ್ಯಾಗ ಉಳೀತು, ಕಂಪ್ಲಿ ಓಣಿ ಹುಡುಗ್ರೆಲ್ಲಾ, "ನಮಗೂ ಒಂದು ಹಚ್ರೀ" ಅಂತ ಸಾಲು ಹಚ್ಚಿದ್ವು. ಒಂದಿನ ನೆಲ್ಲು ತಂದ ರೈತ ಒಬ್ಬಾವ ಬಾಗಲದಾಗ ನಿಂತುಬಿಟ್ಟ. ಅಂಗಳದ ತುಂಬ ಐದಾರು ಹುಡುಗ್ರು, ಎಲ್ಲಾರೂ ಒಂದೊಂದು ಕಣ್ಣು ಮುಚ್ಚಿಕೊಂಡು ಅಕ್ಕಿ ಆರಸಾಕತ್ತಾವ! "ಏನ್ರೀ ಯಂಕಣ್ಣ, ಊರಾಗ ಕಣ್ಣುಬ್ಯಾನಿ ಬಂದೇತೇನು?" ಅಂತ ಟವೆಲ್ ಮಾರಿಗೆ ಹಿಡಕೊಂಡ.

ಎಲ್ಲಾ ಮಸ್ತ್ ನಡದಿತ್ತು. ಅಂಥಾ ಹೊತ್ತಿನಾಗ ನನ್ನಂಥಾವ ಕೈ ಹಾಕಲಿಲ್ಲಂದ್ರ ಹೆಂಗ?

ಸಮಸ್ಯೆ ಏನಂದ್ರ, ಮೂರು ವಾರದಾಗ ಮನ್ಯಾಗಿನ ಅಕ್ಕ್ಯಾಗ ಹಳ್ಳು ಒಂದೂ ಉಳೀಲಿಲ್ಲ. ಆರಿಸಿದ್ದನ್ನ ಆರಿಸಿ, ಅದನ್ನೂ ಮತ್ತೊಮ್ಮೆ ಆರಿಸಿ ಆಗಿತ್ತು. ನಾನು ಎರಡು ದಿನಕ್ಕೊಮ್ಮೆ ಹೊಸಪೇಟಿಂದ ಬಂದು ಹೋಗ್ತಿದ್ದೆ. ಒಂದಿನ ಬಂದಾಗ ಚಿನ್ನಿ ಖಾಲಿ ಕುಂತು, ನನ್ನ ಕಿಸೆ ಕಡಿ ಒಂದು ನಮೂನಿ ನೋಡಾಕತ್ತಿದ್ಲು. ಕಿಸೆದಾಗ ಮೊಬೈಲ್ ಇತ್ತು. ಕಿಸೆ ಮ್ಯಾಲೆ ಕೈ ಮುಚ್ಚಿದೆ. ಇಷ್ಟು ದಿನ ಮಾಡಿದ್ದು ನೀರಾಗ ಹೋಮ ಆದ್ರ? ಆ ಕಣ್ಣು ಮತ್ತ ಮಲಗಿದ್ರ?

ಕಾಲುವಿ ದಂಡಿಗೆ ಹೋದೆ. ಅರ್ಧ ತಾಸು ಕುಂತು ಅಕ್ಕಿ ಕಾಳಿನಷ್ಟ ಸಣ್ಣ ಹಳ್ಳು ಆರಿಸಿದೆ. ಕರೇವು ಆದ್ರ ಕಣ್ಣಿಗೆ ಸುಲಭ ಆಗ್ತೈತಿ ಅಂತ, ನನ್ನ ಶಾಣ್ಯಾತನ ನೋಡ್ರಿ, ಬಿಳೇವ ಆರಿಸಿದೆ! ಅತ್ತಿ ಸಂಜಿ ಪೂಜಿಗೆ ಕುಂತಾಗ, ಮನಿ ಅಕ್ಕಿನ ಅಂತ ತಿಳದು, ಪಡಸಾಲ್ಯಾಗಿದ್ದ ಚೀಲದ ಬಾಯಿ ಬಿಚ್ಚಿ, ಹಳ್ಳು ಹಾಕಿ, ಮೊಳಕೈತನಕ ಕೈ ಇಳಿಸಿ ಕಲಸಿ, ಮತ್ತ ಹೊಲದಿಟ್ಟೆ. ನಾಳೆ ಕೂಸಿಗೆ ಹಬ್ಬ ಅನಕೊಂಡು ಮಲಗಿದೆ.

ಬೆಳಿಗ್ಗೆ ಜಳಕಾ ಮಾಡಿ ಬಂದ್ರ ಚೀಲ ಇಲ್ಲ.

"ಯಂಕಣ್ಣಾ, ಇಲ್ಲಿದ್ದ ಅಕ್ಕಿ ಎಲ್ಲಿ?"

"ಮಠಕ್ಕ ಹೋತಲ್ಲಪ್ಪಾ ಆಟೋದಾಗ. ಇವತ್ತು ಬಸವ ಜಯಂತಿ, ದಾಸೋಹಕ್ಕ ವರ್ಷಾ ನಮ್ಮ ಮಿಲ್ಲಿಂದ ಅಲ್ಲೇನು?"

ನನ್ನ ಜೀವ ಹೊಟ್ಟು ಆತು. ಸ್ವಾಮ್ಯಾರು ಪಂಕ್ತ್ಯಾಗ ಕುಂತಂಗ, ಮೊದಲ ತುತ್ತು ಬಾಯಿಗಿಟ್ಟಂಗ, 'ಕಟಕ್' ಅಂದಂಗ, ಇಡೀ ಕಂಪ್ಲಿ ನನ್ನ ಕಡಿ ತಿರುಗಿ ನೋಡಿದಂಗ, ಎಲ್ಲಾ ಕಣ್ಣ ಮುಂದ ಬಂತು. ಅತ್ತಿ ಹತ್ತಿರ ಹೋಗಿ ಕಾಲು ಹಿಡಕೊಂಡೆ.

"ಅತ್ತೀ, ಒಂದು ಸಣ್ಣ ತಪ್ಪಾಗೇತಿ."

ಪೂರಾ ಕೇಳಿದ್ಲು. ಬಯ್ಯಲಿಲ್ಲ. "ಎಷ್ಟು ಹಾಕಿದಿ?" ಅಂದ್ಲು.

"ಎರಡು ಹಿಡಿ."

"ಹುಡುಗಿ ಹಿಡಿನೋ, ನಿನ್ನ ಹಿಡಿನೋ?"

"ನಂದು."

"ಜಲ್ಮದಾಗ ಒಂದು ಕೆಲಸ ಕೈತುಂಬ ಮಾಡಿದಿ ನೋಡು, ಅದೂ ಇದು!" ಅಂದಾಕಿನ, ಚಪ್ಪಲಿ ಮೆಟ್ಟಿ, ಚಿನ್ನಿ ಕೈ ಹಿಡಕೊಂಡು ಮಠದ ಕಡಿ ನಡದ್ಲು. ಹಿಂದ ಯಂಕಣ್ಣ, ಹಿಂದ ಓಣಿ ಹುಡುಗ್ರು, ಎಲ್ಲಾರಿಗಿಂತ ಹಿಂದ ನಾನು.

ಮಠದ ಬೇವಿನ ಗಿಡದ ಕೆಳಗ ಜಮಖಾನಿ ಹಾಸಿ ಅಕ್ಕಿ ಸುರುವಿದ್ವಿ. ಬಿಳೇ ಅಕ್ಕಿ, ಬಿಳೇ ಹಳ್ಳು! ಯಂಕಣ್ಣ ಒಂದೊಂದು ಹಿಡಿಗೂ ನನಗ ಒಂದೊಂದು ಬೈಗಳಾ ಆರಿಸಿ ಹಾಕಿದ. ಅತ್ತಾಗ ಅಡಿಗಿ ಭಟ್ಟ ನಿಮಿಷಕ್ಕೊಮ್ಮೆ, "ಎಸರು ಕುದಿಯಾಕತ್ತೈತ್ರೀ! ಅಕ್ಕಿ ತರ್ರೀ!" ಅಂತ ಕೂಗ್ತಿದ್ದ. ದೊಡ್ಡಾವ್ರು ನಾವೆಲ್ಲಾ ಕಣ್ಣು ಕಿಸದು ಕಿಸದು ಸೋತ್ವಿ. ಕೂಸು ಮಾತ್ರ, ಬಲಗಣ್ಣಿಗೆ ಕನ್ನಡಿ ಪಟ್ಟಿ, ಎಡಗಣ್ಣು ಅಕ್ಕಿ ಮ್ಯಾಲೆ, ಕೋಳಿ ಹುಳ ಹೆಕ್ಕಿದಂಗ ಹೆಕ್ಕಾಕತ್ತಿತ್ತು. ಒಂದು ಊಟದ ಎಲಿ ಮ್ಯಾಲೆ ಹಳ್ಳಿನ ರಾಶಿ ಏರಾಕತ್ತಿತು. ನಡುವ ಒಮ್ಮೆ ತಲಿ ಎತ್ತಿ, "ಮಾಮಾ, ನೀ ಎಲ್ಲಾ ಬಿಳೇವ ಯಾಕ ಹಾಕಿದಿ?" ಅಂತ ಕೇಳ್ತು.

"ನಿನ್ನ ಕಣ್ಣು ಚಲೋ ಆಗ್ಲಿ ಅಂತ" ಅಂದೆ.

"ಹಂಗಾರ ಇನ್ನೊಮ್ಮೆ ಮನಿ ಅಕ್ಕಿಗೆ ಹಾಕು. ಸ್ವಾಮ್ಯಾರದಕ್ಕ ಬ್ಯಾಡ" ಅಂತ ಬುದ್ಧಿ ಹೇಳಿ ಮತ್ತ ಬೊಗ್ಗಿತು.

ಅವತ್ತು ಒಂದು ವಿಷಯ ಕಂಡೆ. ಅತ್ತಿ ತನ್ನ ಪಾಲಿನ ಅಕ್ಕಿನ ಬೆರಳಿಲೆ ಸವರಿ ಸವರಿ ಸರಸ್ತಿದ್ಲು. ಅಕಿ ಸರಿಸಿದ್ದನ್ನ ಚಿನ್ನಿ ಯಾರಿಗೂ ಗೊತ್ತಾಗದಂಗ ಮತ್ತೊಮ್ಮೆ ನೋಡಿ, ಅದರಾಗಿಂದ ಎರಡು ಮೂರು ಹಳ್ಳು ತಗದು, ಸುಮ್ನ ಲಂಗದ ಹಿಂದ ಇಟ್ಕೊಂಡ್ಲು. ಇಷ್ಟು ಅವಸರದಾಗೂ ಅತ್ತಿ ಕೂಸಿಗೆ ಅಂತ ಹಳ್ಳು ಬಿಟ್ಟು ಕೊಡಾಕತ್ತಾಳಲ್ಲ, ನಾಟಕ ಅಂದ್ರ ಇದು, ಅನಕೊಂಡೆ.

ಪಂಕ್ತಿ ಕುಂತಿತು. ನಾನು ನೀರು ಹಾಕೋ ನೆವಾ ಮಾಡಿ ಸ್ವಾಮ್ಯಾರ ಎದುರಿಗೆ ನಿಂತೆ. ಅವರು ಒಂದೊಂದು ತುತ್ತು ಅಗದಾಗೂ ನನ್ನ ದವಡಿ ಅಲ್ಲಾಡಾಕತ್ತಿತ್ತು. ಉಂಡ್ರು. ಕೈ ತೊಳಕೊಂಡ್ರು. "ಅನ್ನ ಮಲ್ಲಿಗಿ ಆಗೇತಿ" ಅಂದ್ರು. ನಾನು ಖುಷಿಗೆ ಅಲ್ಲೇ ಕುಂತು ಒಂದು ದೊಡ್ಡ ತುತ್ತು ಬಾಯಿಗಿಟ್ಟೆ.

ಕಟಕ್!

ಇಡೀ ಚೀಲದಾಗ ಉಳದಿದ್ದ ಒಂದ ಒಂದು ಹಳ್ಳು. ಬಸವಣ್ಣ ಯಾರಿಗೆ ಯಾವುದು ಮುಟ್ಟಿಸಬೇಕೋ ಮುಟ್ಟಸ್ತಾನ ನೋಡ್ರಿ.

ಆರು ವಾರ ತುಂಬಿತು. ಚಿನ್ನಿನ್ನ ಹೊಸಪೇಟಿಗೆ ಕರಕೊಂಡು ಬಂದೆ, ದೋಣಿಮಲೈಯಿಂದ ಅಕ್ಕ ಬಂದ್ಲು. ಡಾಕ್ಟರಮ್ಮ ಬಲಗಣ್ಣು ಮುಚ್ಚಿಸಿ, "ಓದವ್ವಾ" ಅಂದ್ರು. ಅಕ್ಕ ಕಣ್ಣು ಮುಚ್ಚಿಕೊಂಡ್ಲು. ನಾನು ಅಕ್ಕನ್ನ ನೋಡ್ಕೊಂತ ನಿಂತೆ, ಗ್ವಾಡಿ ನೋಡೋ ಧೈರ್ಯ ಇದ್ದಿಲ್ಲ. ಕೂಸು ಮೊದಲನೇ ಸಾಲು ಓದಿತು. ಎರಡನೇದು ಓದಿತು. ಮೂರನೇದು. ನಾಕನೇದು ತಡದು ತಡದು ಓದಿತು. ಐದನೇದರಾಗ ಎರಡು ಅಕ್ಷರ ಓದಿ, "ಮುಂದಿಂದು ಐತ್ರಿ, ಆದ್ರ ಮಸುಕು ಮಸುಕು ಐತಿ" ಅಂತು.

ಮುಂದ ಐತಂತ್ರೀ! ಮುಂದ ಏನೂ ಇಲ್ಲ ಅಂದಿದ್ದ ಕೂಸು!

"ಏನು ಮಾಡಿದ್ರಿ?" ಅಂತ ಕೇಳಿದ್ರು ಡಾಕ್ಟರಮ್ಮ.

"ಅಕ್ಕಿ ಆರಿಸಿದ್ವಿ" ಅಂದೆ.

ಅಕ್ಕ ಅತ್ಲು. ಅಳ್ತಾನ ನನ್ನ ಬೆನ್ನಿಗೊಂದು ಗುದ್ದಿದ್ಲು. ನಮ್ಮನ್ಯಾಗ ಅದ ಥ್ಯಾಂಕ್ಸು. "ಇನ್ನ ಪೂರ್ತಿ ಆಗಿಲ್ಲ. ದೀಪಾವಳಿತನಕ ಪಟ್ಟಿ ಬಿಡಬ್ಯಾಡ್ರಿ. ಕೆಲಸ ನಿಲ್ಲಿಸಿದ್ರ ಮತ್ತ ಹಿಂದ ಬೀಳ್ತೈತಿ" ಅಂದ್ರು ಡಾಕ್ಟರಮ್ಮ.

ಒಗ್ಗರಣಿ ಮಿರ್ಚಿ ತಿನ್ನಿಸಾಕ ಕರಕೊಂಡು ಹೋದೆ. ಅಕ್ಕ ಕೈ ತೊಳಿಯಾಕ ಎದ್ದು ಹೋದಾಗ ಚಿನ್ನಿ ಮಾರಿ ಸಣ್ಣದು ಮಾಡ್ಕೊಂಡು ನನ್ನ ಕಿವ್ಯಾಗ, "ಮಾಮಾ, ಒಂದು ಮಾತು. ಯಾರಿಗೂ ಹೇಳಬ್ಯಾಡ" ಅಂದ್ಲು.

"ಹೇಳು."

"ಅಜ್ಜಿಗೆ ಖರೇನ ಕಾಣಂಗಿಲ್ಲ. ನಾ ಸಾಲಿಗೆ ಹೋದ್ರ ಅಕಿಗೆ ಯಾರು ನೋಡಿ ಹೇಳ್ತಾರ?" ಕಣ್ಣೀರು ಎರಡೂ ಕಣ್ಣಾಗ ಸಮಾ ಬಂದವು.

ನನಗ ನಗು ತಡೀಲಿಲ್ಲ. ಪಾಪ, ಅತ್ತಿ ನಾಟಕ ಈ ಕೂಸಿಗೆ ಅಷ್ಟು ನಾಟಿತ್ತು! ಮರುದಿನ ಅಂಗಡಿ ಬಾಗಲಾ ಹಾಕಿ ಸೀದಾ ಕಂಪ್ಲಿಗೆ ಹೋದೆ. ಅತ್ತಿ ಅಂಗಳದಾಗ ತಟ್ಟಿ ಮುಂದ ಕುಂತಿದ್ಲು.

"ಅತ್ತೀ, ನಾಕು ಸಾಲು ಓದಿದ್ಲು! ನಿನ್ನ ನಾಟಕಕ್ಕ ಶರಣು ಮಾರಾಯ್ತಿ. ಕೂಸು ಖರೇನ ನಂಬಿಬಿಟ್ಟೈತಿ. 'ಕಾಣವಲ್ದು, ಕಾಣವಲ್ದು' ಅಂತ ಏನು ನಟಿಸಿದಿ!"

ಅತ್ತಿ ನಾಕು ಸಾಲು ಅಂದಾಗ ಕೈ ಮುಗದ್ಲು. ಆಮ್ಯಾಲೆ ನನ್ನ ದನಿ ಬಂದ ಕಡಿ ಮಾರಿ ತಿರುಗಿಸಿ, "ನಾಟಕ ಅಂತ ನಿನಗ ಯಾರು ಹೇಳಿದ್ರಲೇ?" ಅಂದ್ಲು.

ನಗಾಕ ಬಾಯಿ ತಗದಾವ ತಟ್ಟಿ ಕಡಿ ಬೊಗ್ಗಿದೆ. ತಟ್ಟ್ಯಾಗಿನ ಅಕ್ಕಿ ನೋಡಿದೆ. ಅದರಾಗ ಹಳ್ಳು ಇದ್ದವು, ನುಚ್ಚಿತ್ತು, ಒಂದು ಇರಿವಿ ನಡದು ಹೊಂಟಿತ್ತು. ಅತ್ತಿ ಬೆರಳು ಅದರ ಬಾಜ್ಯಾಕ ಸವರಿಕೊಂತ ಹೋತು.

"ವರ್ಷಾ ಮ್ಯಾಲಾತು" ಅಂದ್ಲು. "ಮಂಜು ಬಿದ್ದಂಗ ಆಗ್ತೈತಿ. ಮಿಲ್ಲಿನಾಕಿಗೆ ಕಣ್ಣು ಕಾಣಂಗಿಲ್ಲ ಅಂದ್ರ ಯಾರು ನೆಲ್ಲು ತರ್ತಾರ? ಮೂಗಿಲೆ ಹಲ್ಲಿಲೆ ಹೆಂಗೋ ನಡಸೀನಿ. ಆ ಕೂಸು ಮೊದಲನೇ ದಿನಾ ಕಂಡು ಹಿಡೀತು. ಒಬ್ಬರಿಗೂ ಹೇಳಲಿಲ್ಲ ನೋಡು."

"ದವಾಖಾನಿಗೆ ಯಾಕ ಹೋಗಲಿಲ್ಲ ಅತ್ತಿ?"

"ಆಪರೇಷನ್ ಮಾಡಿ ಸುಮ್ನ ಮಲಗು ಅಂತಾರಂತ. ಸುಮ್ನ ಹೆಂಗ ಮಲಗಲಿ?"

ಊರಿಗೆಲ್ಲಾ ಗ್ಲಾಸ್ ಒರಸಿ ಹೊಳಪು ಮಾಡಿ ಕೊಡಾವ ನಾನು. ನನ್ನ ಅತ್ತಿ ಕಣ್ಣಿನ ಮ್ಯಾಲಿನ ಪೊರಿ ಏಳು ವರ್ಷದ ಕೂಸಿನ ಅರ್ಧ ಕಣ್ಣಿಗೆ ಕಂಡಿತು, ನನ್ನ ಎರಡು ಪೂರಾ ಕಣ್ಣಿಗೆ ಕಾಣಲಿಲ್ಲ. ನಾನು ನೋಡಿದ್ದು ನಾಟಕ!

ಆಪರೇಷನ್ ಆತು. ಅದ ಡಾಕ್ಟರಮ್ಮನ ಹತ್ತಿರ. ಕಟ್ಟು ಬಿಚ್ಚಿದ ದಿನ ಅತ್ತಿ ನನ್ನ ಮಾರಿ ಹತ್ತಿರ ತಂದು ನೋಡಿ, "ಇಷ್ಟು ಕರ್ರಗದಿ ಏನಲೇ? ನಾ ಕಣ್ಣಿನ ದೋಷ ಅನಕೊಂಡಿದ್ದೆ" ಅಂದ್ಲು. ನರ್ಸಮ್ಮ ನಕ್ಲು. ದಸರಾ ಸೂಟಿ ಹತ್ತಿರ ಬಂದಿತ್ತು. ಚಿನ್ನಿ ಬರಾಕಿ ಇದ್ಲು. ಆಗಲೇ ನಾಕು ಸಲ ಫೋನ್ ಮಾಡಿ, "ಅಜ್ಜಿಗೆ ಹಳ್ಳು ಯಾರು ಆರಿಸಿ ಕೊಡಾಕತ್ತಾರ?" ಅಂತ ಕೇಳಿದ್ಲು. ಈ ಸಿಹಿ ಸುದ್ದಿ ಅಕಿಗೆ ಮೊದಲು ನಾನ ಹೇಳಬೇಕು ಅಂತ ಮೊಬೈಲ್ ತಗದೆ.

ಅತ್ತಿ ನನ್ನ ಕೈ ಗಟ್ಟಿ ಹಿಡಕೊಂಡ್ಲು. ಕರೇ ಚಾಳೀಸು ತಗದು, ಒರಸಿ, ಕಿಸೆದಾಗ ಹಾಕು ಅಂತ ನನಗ ಕೊಟ್ಲು.

"ಲೇ, ಕೂಸಿಗೆ ಮಾತ್ರ ಹೇಳಬ್ಯಾಡ" ಅಂದ್ಲು. "ಅಕಿ ಕಣ್ಣು ಪೂರ್ತಿ ಆಗೋತನಕ ನನಗ ಕಾಣಂಗಿಲ್ಲ."